ಗೆಲಾಕ್ಸಿಗಳು ಎರಡು ಗುಂಪು, ಎಕ್ಸ್-ರೇ ಹೊಳಪು ನಡುವೆ: ಯಾವುದು ನಿಜ?

ಪ್ರಶ್ನೆ: ಒಂದೇ ಗೆಲಾಕ್ಸಿ ಗೊಂಚಲಿನ ಎರಡು ಚಿತ್ರ ನೋಡಿದೆ. ಒಂದರಲ್ಲಿ ಗೆಲಾಕ್ಸಿಗಳು ಎರಡು ಗುಂಪಾಗಿವೆ. ಎಕ್ಸ್-ರೇ ಚಿತ್ರದಲ್ಲಿ ಹೊಳಪೆಲ್ಲ ಆ ಗುಂಪುಗಳ ನಡುವೆ ಇದೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಿ. ಅವು ತೋರಿಸುತ್ತಿರುವುದು ಬೇರೆ ಬೇರೆ ವಸ್ತು, ಅಷ್ಟೇ. ಗೊಂಚಲಿನಲ್ಲಿ ಗೆಲಾಕ್ಸಿಗಳ ನಡುವಿನ ಜಾಗ ಖಾಲಿ ಅಲ್ಲ. ಅಲ್ಲಿ ಕೋಟಿಗಟ್ಟಲೆ ಡಿಗ್ರಿ ಬಿಸಿಯಾದ ತೆಳು ಅನಿಲ ತುಂಬಿದೆ, ದೊಡ್ಡ ಗೊಂಚಲುಗಳಲ್ಲಿ ನಕ್ಷತ್ರಗಳೆಲ್ಲ ಸೇರಿದರೂ ಅದರ ತೂಕಕ್ಕೆ ಸಾಟಿಯಾಗುವುದಿಲ್ಲ. ಎಕ್ಸ್-ರೇ ಬರುವುದು ಮುಖ್ಯವಾಗಿ ಅದರಿಂದಲೇ.

ಎರಡು ಗೊಂಚಲು ಡಿಕ್ಕಿ ಹೊಡೆದರೆ ಗೆಲಾಕ್ಸಿಗಳು ಒಂದರ ಪಕ್ಕ ಒಂದು ಸುಮ್ನೆ ಹಾದುಹೋಗುತ್ತವೆ, ಅವುಗಳ ನಡುವೆ ಅಷ್ಟು ಜಾಗ ಇದೆ. ಅನಿಲಕ್ಕೆ ಹಾಗಾಗುವುದಿಲ್ಲ. ಅದು ಎದುರಿನ ಅನಿಲಕ್ಕೆ ಒತ್ತಿಕೊಂಡು, ಇನ್ನಷ್ಟು ಕಾದು, ಹಿಂದೆ ಉಳಿಯುತ್ತದೆ. ಬುಲೆಟ್ ಗೊಂಚಲು ಎಂಬ ಡಿಕ್ಕಿಯಾದ ಜೋಡಿಯಲ್ಲಿ ಆಗಿರುವುದು ಇದೇ. ಚಂದ್ರಾ ಎಕ್ಸ್-ರೇ ದೂರದರ್ಶಕದ ಚಿತ್ರದಲ್ಲಿ ಚಿಕ್ಕ ಗುಂಪಿನ ಅನಿಲ ಗುಂಡಿನ ಮೊನೆಯ ಹಾಗೆ ಚೂಪಾಗಿದೆ. ಅದರ ಮುಂದೆ ಬಿಲ್ಲಿನಂತೆ ಬಾಗಿದ ಆಘಾತದ ಅಲೆ ಇದೆ, ಅದರ ವೇಗ ಆ ಅನಿಲದಲ್ಲಿ ಶಬ್ದ ಸಾಗುವ ವೇಗದ ಸುಮಾರು 3 ಪಟ್ಟು. ಗೆಲಾಕ್ಸಿಗಳು ಮಾತ್ರ ಆಗಲೇ ಮುಂದೆ ಹೋಗಿಬಿಟ್ಟಿವೆ. ಇಷ್ಟು ಸ್ಪಷ್ಟವಾಗಿ ಕಾಣುವ ಡಿಕ್ಕಿ ನಿಜಕ್ಕೂ ಅಪರೂಪ.

ಇನ್ನೊಂದು ವಿಷಯ. ಎಕ್ಸ್-ರೇ ಹೊಳಪು ಅನಿಲದ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸಾಂದ್ರತೆ 2 ಪಟ್ಟಾದರೆ ಹೊಳಪು 4 ಪಟ್ಟು. ಹಾಗಾಗಿ ದಟ್ಟ ನಡುಭಾಗ ಕಣ್ಣು ಕುಕ್ಕುತ್ತದೆ, ಅಂಚಿನಲ್ಲಿ ಸೇರುತ್ತಿರುವ ಚಿಕ್ಕ ಗುಂಪು ಮಂಕಾಗಿ ತಪ್ಪಿಹೋಗಬಹುದು. ಕೋಮಾ ಗೊಂಚಲು ಬಹಳ ಕಾಲ ಶಾಂತ, ಗುಂಡನೆಯ ಗೊಂಚಲಿಗೆ ಮಾದರಿ ಅನ್ನಿಸಿಕೊಂಡಿತ್ತು. 1990ರಲ್ಲಿ ಹಾರಿದ ರೋಸಾಟ್ ಎಂಬ ಎಕ್ಸ್-ರೇ ಉಪಗ್ರಹ ನೋಡಿದಾಗ ನೈಋತ್ಯಕ್ಕೆ ಎನ್‌ಜಿಸಿ 4839 ಎಂಬ ಗೆಲಾಕ್ಸಿಯ ಸುತ್ತಲಿನ ಗುಂಪು ತನ್ನದೇ ಅನಿಲದೊಂದಿಗೆ ಬೇರೆಯಾಗಿ ಕಂಡಿತು.

ಹಾಗಂತ ಎಕ್ಸ್-ರೇ ಚಿತ್ರ ಗುಂಡಗಿದೆ ಅಂದ ಮಾತ್ರಕ್ಕೆ ಗೊಂಚಲು ಶಾಂತವಾಗಿದೆ ಅಂತಲೂ ಅಲ್ಲ. ಡಿಕ್ಕಿ ನಮ್ಮ ನೋಟದ ನೇರಕ್ಕೇ ನಡೆದರೆ ಎರಡು ಗುಂಪು ಒಂದರ ಮೇಲೊಂದು ಬಿದ್ದು ಒಂದೇ ಆಗಿ ಕಾಣುತ್ತವೆ, ಅಲ್ವಾ? ಆಗ ಗೆಲಾಕ್ಸಿಗಳ ವೇಗ ಅಳೆಯಬೇಕು. ವೇಗಗಳು ಒಂದೇ ಗುಡ್ಡೆಯಾಗದೆ ಎರಡಾಗಿ ಒಡೆದಿದ್ದರೆ ಗುಟ್ಟು ಬಯಲು. ಇದನ್ನು ನೋಡದೆ ಅನಿಲದ ಬಿಸಿಯಿಂದ ಗೊಂಚಲಿನ ತೂಕ ಲೆಕ್ಕ ಹಾಕಿದರೆ ಉತ್ತರ ತಪ್ಪಬಹುದು, ಯಾಕಂದ್ರೆ ಆ ಲೆಕ್ಕ ಅನಿಲ ಅಲುಗಾಡದೆ ನೆಲೆ ನಿಂತಿದೆ ಅಂತ ಹಿಡಿಯುತ್ತದೆ.