ಕ್ಯಾತಿಟರ್ ಮೂಲಕ ಹಾಕಿದ ಕವಾಟದಲ್ಲಿ ಗ್ರೇಡಿಯೆಂಟ್ ಏರಿದರೆ ಕವಾಟ ಹಾಳಾಯಿತೆಂದು ಅರ್ಥವೇ?

ತಾಯಿಯವರಿಗೆ ತೊಡೆಯ ರಕ್ತನಾಳದ ಮೂಲಕ ಹೃದಯದ ಅಯೋರ್ಟಿಕ್ ಕವಾಟ ಕೂರಿಸಿ ಹತ್ತು ತಿಂಗಳಾಗಿದೆ, ಈಗ ಮೆಟ್ಟಿಲು ಹತ್ತಿದರೆ ಏದುಸಿರು, ಎಕೋದಲ್ಲಿ ಸರಾಸರಿ ಗ್ರೇಡಿಯೆಂಟ್ (ಕವಾಟದ ಎರಡು ಬದಿಯ ರಕ್ತದೊತ್ತಡದ ವ್ಯತ್ಯಾಸ, mmHgನಲ್ಲಿ) 12ರಿಂದ 27ಕ್ಕೆ ಏರಿದೆ, ಕವಾಟ ಇಷ್ಟು ಬೇಗ ಕೆಟ್ಟಿತೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಮಡಿಕೇರಿಯ ಹತ್ತಿರ ಕಾಫಿ ತೋಟ ನೋಡಿಕೊಂಡಿರುವವನು. ನಮ್ಮ ತಂದೆಯವರಿಗೂ ಹೀಗೇ ಆಗಿದ್ದರಿಂದ ಬರೆಯುತ್ತಿದ್ದೇನೆ.

ಈ ಕವಾಟಗಳ ಎಸಳುಗಳನ್ನು ದನದ ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿರುತ್ತಾರೆ. ಅವು ಸುಣ್ಣಗಟ್ಟಿ ಬಿರುಸಾಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ಮೊದಲ ವರ್ಷದಲ್ಲೇ ಗ್ರೇಡಿಯೆಂಟ್ ಇಮ್ಮಡಿಯಾದರೆ, ಎಸಳಿನ ಮೇಲೆ ರಕ್ತ ಹೆಪ್ಪುಗಟ್ಟಿದೆಯೇ ಎಂಬುದನ್ನು ಮೊದಲು ನೋಡಬೇಕು. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಹೆಪ್ಪು ಹಲವು ಸಲ ಕಣ್ಣಿಗೆ ಬೀಳುವುದಿಲ್ಲ. ಕಾಂಟ್ರಾಸ್ಟ್ ಎಂಬ ದ್ರವವನ್ನು ರಕ್ತನಾಳಕ್ಕೆ ಕೊಟ್ಟು, ಹೃದಯ ಬಡಿತಕ್ಕೆ ಹೊಂದಿಸಿ ತೆಗೆಯುವ ಸಿಟಿ ಸ್ಕ್ಯಾನಿನಲ್ಲಿ ಎಸಳು ದಪ್ಪಗಾಗಿರುವುದೂ ಸರಿಯಾಗಿ ತೆರೆಯದಿರುವುದೂ ತಿಳಿಯುತ್ತದೆ. ಆ ದ್ರವ ಮೂತ್ರಪಿಂಡಕ್ಕೆ ಹೊರೆಯಾಗಬಹುದಾದ್ದರಿಂದ, ಅದಕ್ಕೆ ಮುಂಚೆ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿರಿ.

ತಂದೆಯವರಿಗೆ ಎರಡು ಎಸಳುಗಳಲ್ಲಿ ಹೆಪ್ಪಿತ್ತು. ಆಸ್ಪಿರಿನ್ ಒಂದರಿಂದ ಅದು ಕರಗದೆಂದು, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ಆರಂಭಿಸಿದರು. ಮೂರು ತಿಂಗಳಲ್ಲಿ 26 ಇದ್ದ ಗ್ರೇಡಿಯೆಂಟ್ 13ಕ್ಕೆ ಇಳಿಯಿತು. ಕಷ್ಟವಾದದ್ದು ಮಾತ್ರೆಯಲ್ಲ, ಸುರಿಯುವ ಮಳೆಯಲ್ಲಿ ವಾರವಾರವೂ ಐಎನ್ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆಂಬ ಅಳತೆ) ಪರೀಕ್ಷೆಗೆ ಮಡಿಕೇರಿಗೆ ಹೋಗಿಬರುವುದು. ಆ ನಡುವೆ ಕಕ್ಕಡ (ಕೊಡವರ ಮಳೆಗಾಲದ ತಿಂಗಳು) 18ರಂದು ಬೇಡವೆಂದರೂ ಕೇಳದೆ, ಮೂತ್ರವನ್ನು ಕೆಂಪಾಗಿಸುವ ಮದ್ದುಸೊಪ್ಪಿನ ಪಾಯಸ ತಿಂದರು. ಮರುದಿನ ಮೂತ್ರ ಕೆಂಪಾದಾಗ, ಅದು ಸೊಪ್ಪಿನ ಬಣ್ಣವೋ ವಾರ್ಫರಿನ್ನಿನಿಂದಾದ ರಕ್ತಸ್ರಾವವೋ ತಿಳಿಯದೆ ಮನೆಮಂದಿಯೆಲ್ಲ ಗಾಬರಿಯಾದೆವು. ಪರೀಕ್ಷೆಯಲ್ಲಿ ರಕ್ತ ಕಾಣಲಿಲ್ಲ, ಐಎನ್ಆರ್ 2.4, ಹದದಲ್ಲೇ ಇತ್ತು.

ಹೆಪ್ಪಲ್ಲದೆ ಸೋಂಕಿನಿಂದಲೂ ಎಸಳು ಕೆಡಬಹುದು, ಇದು ಹೆಚ್ಚು ಅಪಾಯದ್ದು. ಮಳೆಗಾಲದ ಜ್ವರವೆಂದು ಮೆಡಿಕಲ್ ಶಾಪಿನ ಆಂಟಿಬಯಾಟಿಕ್ ನುಂಗಿಸುವುದು ನಮ್ಮಲ್ಲಿ ರೂಢಿ. ಕೃತಕ ಕವಾಟ ಇರುವವರಿಗೆ ಅದನ್ನು ಮಾಡಲೇಬೇಡಿ. ಮಾತ್ರೆಗೆ ಮೊದಲು ರಕ್ತದ ಕಲ್ಚರ್ (ರೋಗಾಣುಗಳನ್ನು ಬೆಳೆಸಿ ನೋಡುವ ಪರೀಕ್ಷೆ) ತೆಗೆಸದಿದ್ದರೆ ರೋಗಾಣು ಯಾವುದೆಂದು ಪತ್ತೆಹಚ್ಚುವುದು ಕಷ್ಟವಾಗುತ್ತದೆ. ಹಲ್ಲು ಕೀಳಿಸುವ ಮುನ್ನವೂ ದಂತವೈದ್ಯರಿಗೆ ಕವಾಟದ ವಿಷಯ ತಿಳಿಸಬೇಕು.

ರಕ್ತಹೀನತೆ ಇದ್ದರೂ ಗ್ರೇಡಿಯೆಂಟ್ ಸ್ವಲ್ಪ ಏರುತ್ತದೆ, ಹಿಮೋಗ್ಲೋಬಿನ್ ನೋಡಿಸಿರಿ. ವೈದ್ಯರ ಬಳಿ ಹೋಗುವಾಗ ಡಿಸ್ಚಾರ್ಜ್ ದಿನದ ಎಕೋ ವರದಿಯನ್ನೂ ಕವಾಟದ ಅಳತೆ ಬರೆದಿರುವ ಕಾರ್ಡನ್ನೂ ಮರೆಯದೆ ಒಯ್ಯಿರಿ. ಮಲಗಿದಾಗಲೂ ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ಅಥವಾ ಮಾತು ತೊದಲಿದರೆ, ಅಪಾಯಿಂಟ್‌ಮೆಂಟಿನ ದಿನದವರೆಗೆ ಕಾಯದೆ ಆಗಲೇ ಹೊರಡಿ.