ಕಡ್ಡಿ ಪೂರ್ತಿ ಇದೆ, ವಿಡಿಯೊ ಮಾತ್ರ ನಿಂತುಬಿಡುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ವೈಫೈ ಬಗ್ಗೆಯೇ ಇವೆ. ಏಣಿ ಹತ್ತಿ ನೆಟ್‌ವರ್ಕ್ ವೈರ್ ಎಳೆಯುವ ಕೆಲಸ ನಾನು ಮೈಸೂರಿನಲ್ಲಿ 18 ವರ್ಷದಿಂದ ಮಾಡುತ್ತಿದ್ದೇನೆ. ಹಾಗಾಗಿ ಪುಸ್ತಕ ನೋಡಿ ಬರೆದಿಲ್ಲ, ಮನೆಗಳಲ್ಲಿ ಕಂಡದ್ದನ್ನೇ ಬರೆದಿದ್ದೇನೆ.

ಮೇಡಂ, ನಮ್ಮದು ಮೈಸೂರಿನ ಅಗ್ರಹಾರದಲ್ಲಿ ತಾತನ ಕಾಲದ ತೊಟ್ಟಿಮನೆ. ಫೈಬರ್ ಪೆಟ್ಟಿಗೆ ಬೀದಿ ಬದಿಯ ಕೋಣೆಯಲ್ಲಿದೆ. ಅತ್ತೆಯವರ ಕೋಣೆ ಹಿತ್ತಲ ಕಡೆ. ದಿನಾ ಸಂಜೆ ಅವರು ಅಮೆರಿಕದಲ್ಲಿರುವ ಮೊಮ್ಮಗಳ ಜೊತೆ ವಿಡಿಯೊ ಕರೆಯಲ್ಲಿ ಮಾತಾಡುತ್ತಾರೆ. ಅವರಿಗಾಗಿ ಆ ಕೋಣೆಯಲ್ಲೇ ಒಂದು ರಿಪೀಟರ್, ಅಂದರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ, ಹಾಕಿದೆವು. ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ, ಆದರೆ ಮಗುವಿನ ಮುಖ ಅಲ್ಲಾಡದೆ ನಿಂತುಬಿಡುತ್ತದೆ. ರಿಪೀಟರ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಅದನ್ನು ಇಟ್ಟಿರುವ ಜಾಗ ಸರಿಯಿಲ್ಲ.

ಫೋನಿನ ಕಡ್ಡಿ ಹೇಳುವುದು ಫೋನಿಗೂ ರಿಪೀಟರಿಗೂ ನಡುವಿನ ಕಥೆ ಮಾತ್ರ. ರಿಪೀಟರಿಗೂ ಬೀದಿ ಬದಿಯ ಕೋಣೆಯ ರೂಟರಿಗೂ (ನೀವು ಫೈಬರ್ ಪೆಟ್ಟಿಗೆ ಅಂದದ್ದು ಅದನ್ನೇ) ನಡುವೆ ಏನಾಗುತ್ತಿದೆ ಅಂತ ಅದು ಹೇಳುವುದಿಲ್ಲ. ನಾಲೆಯ ಕೊನೆಯಲ್ಲಿ ಎಷ್ಟು ದೊಡ್ಡ ತೊಟ್ಟಿ ಕಟ್ಟಿಸಿದರೂ ಮೇಲಿಂದ ನೀರು ಬರಬೇಕು, ಅಲ್ವಾ? ನಿಮ್ಮ ರಿಪೀಟರ್ ಸಿಗ್ನಲ್ ಸರಿಯಾಗಿ ಸಿಗದ ಜಾಗದಲ್ಲೇ ಕೂತಿದೆ. ಸಿಕ್ಕಷ್ಟನ್ನು ಜೋರಾಗಿ ಹಂಚುತ್ತಿದೆ, ಅಷ್ಟೇ.

ಹೋದ ವರ್ಷ ಇಂಥದ್ದೇ ಒಂದು ಮನೆಯಲ್ಲಿ ಫೋನ್ ಹಿಡಿದು ಹೆಜ್ಜೆ ಹೆಜ್ಜೆಗೂ ಅಳೆದೆ. ಸಿಗ್ನಲ್ ಅಳೆಯುವ ಉಚಿತ ಆಪ್‌ಗಳಿವೆ. ಅವು ಅಂಕಿಯನ್ನು ಮೈನಸ್‌ನಲ್ಲಿ ತೋರಿಸುತ್ತವೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ರೂಟರ್ ಪಕ್ಕದಲ್ಲಿ ಮೈನಸ್ 42 ಇತ್ತು. ಬಾಗಿಲು ದಾಟಿದಾಗ 55. ತೊಟ್ಟಿಯ ಕಂಬದ ಹತ್ತಿರ 61. ಹಿಂದಿನ ಕೋಣೆಯೊಳಗೆ ಕಾಲಿಟ್ಟ ತಕ್ಷಣ 83. ಒಂದೇ ಗೋಡೆಗೆ 22 ಹೋಯಿತು! ಆ ಗೋಡೆಯನ್ನು ಗೇಣು ಹಾಕಿ ಅಳೆದೆ, ಹೆಚ್ಚುಕಡಿಮೆ ಎರಡು ಅಡಿ ದಪ್ಪ, ಪೂರಾ ಮಣ್ಣು. ಮಳೆಗಾಲದಲ್ಲಿ ಇಂಥ ಗೋಡೆ ತೇವ ಹೀರಿಕೊಂಡರೆ ಸಿಗ್ನಲನ್ನು ಇನ್ನೂ ಜಾಸ್ತಿ ನುಂಗುತ್ತದೆ.

ತೊಟ್ಟಿಮನೆಯಲ್ಲಿ ಒಂದು ಅನುಕೂಲ ಇದೆ. ನಡುವೆ ಬಯಲಿದೆ. ಬಯಲಲ್ಲಿ ಸಿಗ್ನಲ್ ಆರಾಮಾಗಿ ಹಾಯುತ್ತದೆ. ರಿಪೀಟರನ್ನು ಅತ್ತೆಯವರ ಕೋಣೆಯಿಂದ ಹೊರಗೆ ತನ್ನಿ. ರೂಟರ್ ಕೋಣೆಯ ಬಾಗಿಲು ಕಾಣುವ ಹಾಗೆ ತೊಟ್ಟಿಯ ಸುತ್ತಿನ ಮೊಗಸಾಲೆಯಲ್ಲಿ, ಇರಚಲು ಬಡಿಯದ ಕಡೆ, ಆಳೆತ್ತರದಲ್ಲಿ ಹಾಕಿ. ಅಲ್ಲಿ ಅಂಕಿ ಮೈನಸ್ 65ರ ಆಸುಪಾಸು ಇದ್ದರೆ ಸಾಕು. 75 ದಾಟಿತೆಂದರೆ ಅಲ್ಲಿ ರಿಪೀಟರ್ ಇಟ್ಟು ಪ್ರಯೋಜನವಿಲ್ಲ. ಅತ್ತೆಯವರ ಬಾಗಿಲು ತೊಟ್ಟಿ ಕಡೆಗೇ ತೆರೆಯುವುದಾದರೆ ಇಷ್ಟರಲ್ಲೇ ಕೆಲಸ ಮುಗಿಯಬಹುದು.

ಆದರೂ ಇನ್ನೊಂದು ಮಾತು ಹೇಳಬೇಕು. ಒಂದೇ ಬ್ಯಾಂಡಿನ, ಅಂದರೆ ಒಂದೇ ತರಂಗಪಟ್ಟಿಯಲ್ಲಿ ಕೆಲಸ ಮಾಡುವ ಅಗ್ಗದ ರಿಪೀಟರ್ ಪ್ರತಿಯೊಂದನ್ನೂ ಒಮ್ಮೆ ಕೇಳಿಸಿಕೊಂಡು, ಅದೇ ಚಾನೆಲ್ಲಿನಲ್ಲಿ ಮತ್ತೊಮ್ಮೆ ಹೇಳಬೇಕು. ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಲಾಗದು. ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದು ಕಂಪನಿಯ ತಪ್ಪಲ್ಲ, ಆ ಕೆಲಸದ ಗುಣವೇ ಹಾಗೆ. ಅದಕ್ಕೇ ನನ್ನನ್ನು ಯಾರೇ ಕೇಳಿದರೂ ಮೊದಲು ನಾನು ಕೇಳುವುದು, ‘ವೈರ್ ಎಳೆಯೋಕೆ ದಾರಿ ಇದೆಯಾ?’ ಅಂತ. ವೈರ್ ಹೋಗುವ ಕಡೆ ರಿಪೀಟರ್ ಬೇಡ, ವೈರಿನಲ್ಲಿ ಬಂದ ನೆಟ್ ಅನ್ನು ವೈಫೈ ಆಗಿ ಹಂಚುವ ಆಕ್ಸೆಸ್ ಪಾಯಿಂಟ್ ಹಾಕಿ. ವೈರ್ ಸಾಧ್ಯವೇ ಇಲ್ಲ ಎಂದಾದಾಗ ಮಾತ್ರ ರಿಪೀಟರ್.

ನಿಮ್ಮ ಮನೆಯಲ್ಲಿ ಸೂರಿನ ಕೆಳಗೆ, ತೊಲೆಯ ಪಕ್ಕದಲ್ಲೇ ಕೇಬಲ್ ತರಬಹುದು. ಕ್ಯಾಟ್ 6 ಕೇಬಲ್ 100 ಮೀಟರ್ ತನಕ ನಡೆಯುತ್ತದೆ, ನಿಮಗೆ 25 ಮೀಟರ್ ಸಾಕಾದೀತು. ಹೆಂಚಿನ ಮನೆಯಲ್ಲಿ ಇಲಿ ಕಾಟ ಇದ್ದೇ ಇರುತ್ತದೆ, ಸುಮ್ನೆ ಕೇಬಲ್ ಬಿಟ್ಟರೆ ಕಡಿದುಹಾಕುತ್ತವೆ. ಪಿವಿಸಿ ಪೈಪಿನಲ್ಲಿ ಹಾಕಿಸಿ. ಕರೆಂಟ್ ವೈರ್ ಇರುವ ಪೈಪಿನೊಳಗೆ ಮಾತ್ರ ತೂರಿಸಬೇಡಿ.

ಆಕ್ಸೆಸ್ ಪಾಯಿಂಟ್‌ಗೆ ಹೊಸ ಪೆಟ್ಟಿಗೆಯನ್ನೇ ಕೊಳ್ಳಬೇಕೆಂದಿಲ್ಲ. ಅಟ್ಟದಲ್ಲಿ ಹಳೆ ರೂಟರ್ ಬಿದ್ದಿದ್ದರೆ ಅದೇ ಆಗುತ್ತದೆ. ಮೊದಲು ಅದರ ಹಿಂದಿನ ಪುಟ್ಟ ರಂಧ್ರಕ್ಕೆ ಪಿನ್ ಹಾಕಿ, ಹತ್ತು ಎಣಿಸುವ ತನಕ ಒತ್ತಿ ರೀಸೆಟ್ ಮಾಡಿ. ಆಮೇಲೆ ಅದನ್ನೊಂದನ್ನೇ ಲ್ಯಾಪ್‌ಟಾಪಿಗೆ ಜೋಡಿಸಿ ಸೆಟ್ಟಿಂಗ್ ತೆರೆಯಿರಿ. ಬೀದಿ ಬದಿಯ ಕೋಣೆಯ ರೂಟರಿನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಇದರ ಡಿಎಚ್‌ಸಿಪಿಯನ್ನು ಆಫ್ ಮಾಡಿ. ಇಷ್ಟಾದ ಮೇಲೆಯೇ ಮನೆ ಕೇಬಲ್ ಸಿಕ್ಕಿಸಿ. ಅದೂ ಲ್ಯಾನ್ ಅಂತ ಬರೆದಿರುವ ತೂತಿಗೆ, ವ್ಯಾನ್ ತೂತಿಗೆ ಅಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ. ಚಾನೆಲ್ ಮಾತ್ರ ಬೇರೆ ಇರಲಿ. ಅಲ್ಲಿ 1 ಇದ್ದರೆ ಇಲ್ಲಿ 6 ಅಥವಾ 11.

ಡಿಎಚ್‌ಸಿಪಿ ಅಂದರೆ ಮನೆಯ ಪ್ರತಿ ಫೋನಿಗೂ ವಿಳಾಸ ಬರೆದು ಕೊಡುವ ಗುಮಾಸ್ತ ಅಂದುಕೊಳ್ಳಿ. ಒಂದು ಮನೆಗೆ ಒಬ್ಬನೇ ಇರಬೇಕು. ಮೈಸೂರಿನ ಒಂದು ಹಾಸ್ಟೆಲ್‌ನಲ್ಲಿ ರಾತ್ರಿ 9 ಗಂಟೆಗೆ ಇದ್ದಕ್ಕಿದ್ದಂತೆ ಅರ್ಧ ಹುಡುಗರಿಗೆ ನೆಟ್ ಹೋಯಿತು. ಮಾರನೇ ದಿನ ಅವರಿಗೆ ಪರೀಕ್ಷೆಯ ಫಾರಂ ತುಂಬಲು ಕೊನೆ ದಿನ. ಎರಡು ಮಹಡಿಯ ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆಗಳಲ್ಲಿ ಒಂದೊಂದೇ ಕೇಬಲ್ ಕಿತ್ತು ನೋಡುತ್ತಾ ಹೋದೆ. ಕೊನೆಗೆ 1 ಗಂಟೆ ಹೊತ್ತಿಗೆ ಒಂದು ಮಂಚದ ಕೆಳಗೆ ಊರಿಂದ ತಂದ ಹಳೆ ರೂಟರ್ ಸಿಕ್ಕಿತು. ಗೋಡೆಯ ಕೇಬಲನ್ನು ಅದರ ಲ್ಯಾನ್ ತೂತಿಗೆ ಸಿಕ್ಕಿಸಿದ್ದರು. ಅದು ತನ್ನ ಪಾಡಿಗೆ ತಪ್ಪು ವಿಳಾಸ ಹಂಚುತ್ತಾ ಕೂತಿತ್ತು. ಅದನ್ನು ತಂದಿದ್ದ ಹುಡುಗನ ಕಣ್ಣಲ್ಲಿ ನೀರು ಬಂದಿತ್ತು. ಕೆಡಿಸಬೇಕೆಂದು ಮಾಡಿದ್ದಲ್ಲ ಪಾಪ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಮೊದಲು ಡಿಎಚ್‌ಸಿಪಿ ಆಫ್, ಆಮೇಲೆ ಕೇಬಲ್.

ಮಂಡ್ಯದಲ್ಲಿ ನಮ್ಮ ಮನೆ ಮಹಡಿಯನ್ನು ಕಾಲೇಜು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದೇನಮ್ಮಾ. ವೈಫೈ ಪಾಸ್‌ವರ್ಡ್ ಮಗನ ಹೆಸರು, ಮುಂದೆ 123. ಮಹಡಿಗೆ ಒಂದು ರಿಪೀಟರ್ ಇದೆ. ಬೀದಿಯಲ್ಲಿ ಬೈಕ್ ನಿಲ್ಲಿಸಿಕೊಂಡು ಯಾರೋ ನಮ್ಮ ವೈಫೈ ಬಳಸುತ್ತಾರೆ ಅಂತ ಅನುಮಾನ. ಕೇಬಲ್ ಹುಡುಗ ‘ಹೆಸರು ಕಾಣದಂಗೆ ಮಾಡಿಬಿಡ್ತೀನಿ ಆಂಟಿ, ಏನೂ ಆಗಲ್ಲ’ ಅಂದ. ಅಷ್ಟು ಸಾಕಾ?

ಸಾಲದು ಅಮ್ಮ. ಹೆಸರು ಮುಚ್ಚಿಟ್ಟರೂ ನಿಮ್ಮದೇ ಫೋನು ಆ ವೈಫೈ ಹುಡುಕುವಾಗ ಹೆಸರು ಹಿಡಿದೇ ಕೂಗುತ್ತದೆ. ಕೇಳಿಸಿಕೊಳ್ಳಬೇಕು ಅಂದವನಿಗೆ ಕೇಳಿಸುತ್ತದೆ. ಇಂತಿಂಥ ಫೋನುಗಳಿಗೆ ಮಾತ್ರ ಪ್ರವೇಶ ಅಂತ ಮ್ಯಾಕ್ ವಿಳಾಸದ (ಪ್ರತಿ ಫೋನಿನ ಗುರುತಿನ ಸಂಖ್ಯೆ) ಪಟ್ಟಿ ಮಾಡುವುದೂ ಹೀಗೆಯೇ. ಆ ವಿಳಾಸವನ್ನು ಸುಲಭವಾಗಿ ನಕಲು ಮಾಡಬಹುದು.

ಇದು ಬರೀ ಡೇಟಾ ಖರ್ಚಿನ ಮಾತಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ಆಯಿತಲ್ಲ, ಅದಕ್ಕೆ ಸ್ವಲ್ಪ ಮುಂಚೆ ಸುದ್ದಿ ಸಂಸ್ಥೆಗಳಿಗೆ ಬೆದರಿಕೆಯ ಇಮೇಲ್ ಹೋಗಿತ್ತು. ಜಾಡು ಹಿಡಿದಾಗ ಅದು ನವಿ ಮುಂಬೈಯ ಒಂದು ಫ್ಲ್ಯಾಟಿನ ವೈಫೈಗೆ ಹೋಗಿ ನಿಂತಿತು. ಆ ಮನೆಯವರು ಕಳಿಸಿದ್ದಲ್ಲ. ಭದ್ರವಿಲ್ಲದ ಅವರ ವೈಫೈಯನ್ನು ಬೇರೆಯವರು ಬಳಸಿದ್ದರು. ಆದರೂ ಪೊಲೀಸರು ಮೊದಲು ತಟ್ಟಿದ್ದು ಅವರ ಬಾಗಿಲನ್ನೇ. ನಿಮ್ಮ ಹೆಸರಲ್ಲಿರುವ ಸಂಪರ್ಕಕ್ಕೆ ಮೊದಲು ಉತ್ತರ ಕೊಡಬೇಕಾದವರು ನೀವೇ.

ಈಗ ಪಾಸ್‌ವರ್ಡ್. ನಿಮ್ಮ ಫೋನ್ ವೈಫೈಗೆ ಸೇರುವಾಗ ಎರಡರ ನಡುವೆ ಒಂದು ಗುರುತಿನ ಮಾತುಕತೆ ನಡೆಯುತ್ತದೆ. ಈಗ ಬಹಳ ಮನೆಗಳಲ್ಲಿರುವ ಡಬ್ಲ್ಯುಪಿಎ2 ಎಂಬ ಭದ್ರತೆಯ ಬಗೆಯಲ್ಲಿ ಬೀದಿಯಲ್ಲಿ ನಿಂತವನು ಅದನ್ನು ಹಿಡಿದುಕೊಂಡು ಮನೆಗೆ ಹೋಗಬಹುದು. ಅಲ್ಲಿ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಪದಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾನೆ. ಹೆಸರು ಮತ್ತು 123 ಆ ಪಟ್ಟಿಯಲ್ಲಿ ಮೊದಮೊದಲೇ ಬರುತ್ತದೆ. ಇದಕ್ಕೆ ಮದ್ದು ಪಾಸ್‌ವರ್ಡಿನ ಉದ್ದ. ಪಾಸ್‌ವರ್ಡಿನಲ್ಲಿ 8ರಿಂದ 63 ಅಕ್ಷರ ಇರಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ. ಹುಣಸೆ, ಏಣಿ, ಮಂಗಳವಾರ, ಕೊಡೆ, ಈ ಥರ. ಇದನ್ನೇ ಇಡಬೇಡಿ, ಇಲ್ಲಿ ಅಚ್ಚಾಗಿಬಿಟ್ಟಿದೆ. ಗಾದೆ, ದಾಸರ ಪದದ ಸಾಲು ಕೂಡ ಬೇಡ. ಎಲ್ಲರಿಗೂ ಗೊತ್ತಿರುವುದು ಗುಟ್ಟಾಗುವುದಿಲ್ಲ.

ಸೆಟ್ಟಿಂಗಿನಲ್ಲಿ ಭದ್ರತೆಯ ಬಗೆ ಡಬ್ಲ್ಯುಪಿಎ2 ಎಇಎಸ್ ಇರಲಿ. 2018ರಲ್ಲಿ ಬಂದ ಡಬ್ಲ್ಯುಪಿಎ3 ಇದ್ದರೆ ಇನ್ನೂ ಒಳ್ಳೆಯದು. ಡಬ್ಲ್ಯುಇಪಿ ಅಂತ ಇದ್ದರೆ ಇವತ್ತೇ ಬದಲಿಸಿ, ಅದನ್ನು 2001ರಲ್ಲೇ ಮುರಿದಿದ್ದಾರೆ.

ಡಬ್ಲ್ಯುಪಿಎಸ್ ಅಂತ ಇನ್ನೊಂದಿದೆ, ಪಾಸ್‌ವರ್ಡ್ ಟೈಪ್ ಮಾಡದೆ ವೈಫೈಗೆ ಸೇರುವ ಅಡ್ಡದಾರಿ. ಹಳೆ ಪೆಟ್ಟಿಗೆಗಳ ಅಡಿಯಲ್ಲಿ 8 ಅಂಕಿಯ ಪಿನ್ ಬರೆದಿರುತ್ತದೆ. 8 ಅಂಕಿ ಅಂದರೆ 10 ಕೋಟಿ ಸಲ ಊಹಿಸಬೇಕು ಅಂತ ನಮಗೆ ಅನಿಸುತ್ತದೆ. ಹಾಗಿಲ್ಲ. ಕೊನೆಯ ಅಂಕಿ ಬರೀ ತಾಳೆ ನೋಡಲು, ಮೊದಲ ಏಳರಿಂದ ಅದನ್ನು ಲೆಕ್ಕ ಹಾಕಬಹುದು. ಅದಕ್ಕಿಂತ ದೊಡ್ಡ ತಪ್ಪು, ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಅಂತ ರೂಟರ್ ಬೇರೆಯಾಗಿ ಹೇಳಿಬಿಡುತ್ತದೆ. ಆಗ ಮೊದಲ ಭಾಗಕ್ಕೆ 10,000 ಊಹೆ, ಉಳಿದ ಮೂರಕ್ಕೆ 1,000. ಒಟ್ಟು 11,000. ಇದು 2011ರಲ್ಲಿ ಬೆಳಕಿಗೆ ಬಂತು. ಡಬ್ಲ್ಯುಪಿಎಸ್ ಆಫ್ ಮಾಡಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಮಹಡಿಯ ರಿಪೀಟರ್. ಜನ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ಮರೆಯುತ್ತಾರೆ. ರಿಪೀಟರಿಗೂ ತನ್ನದೇ ಸೆಟ್ಟಿಂಗ್ ಪುಟ ಇದೆ. ಅದರ ಹೆಸರು, ಪಾಸ್‌ವರ್ಡ್ ಎರಡೂ ‘ಅಡ್ಮಿನ್’ ಅಂತಲೇ ಉಳಿದಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಎಷ್ಟೋ ರಿಪೀಟರುಗಳು ಮೊದಲ ದಿನ ಜೋಡಿಸಲೆಂದು ಪಾಸ್‌ವರ್ಡೇ ಇಲ್ಲದ ಒಂದು ವೈಫೈ ತೆರೆಯುತ್ತವೆ. ಕೆಲವದರಲ್ಲಿ ಅದು ಹಾಗೇ ಉಳಿದುಬಿಡುತ್ತದೆ. ಇವತ್ತು ಸಂಜೆ ಗೇಟಿನ ಹತ್ತಿರ ನಿಂತು ಫೋನಿನ ವೈಫೈ ಪಟ್ಟಿ ನೋಡಿ. ಬೀಗದ ಗುರುತಿಲ್ಲದ ಹೆಸರೊಂದು ಕಂಡು, ಮಹಡಿ ಹತ್ತಿದಂತೆ ಅದರ ಸಿಗ್ನಲ್ ಜಾಸ್ತಿಯಾದರೆ ಆ ಬೈಕಿನವನ ದಾರಿ ಅದೇ ಇರಬಹುದು. ಪಾಸ್‌ವರ್ಡ್ ಬದಲಿಸುವಾಗ ರೂಟರ್, ರಿಪೀಟರ್ ಎರಡರಲ್ಲೂ ಬದಲಿಸಿ. ಹೊರಗಿನಿಂದ ಸೆಟ್ಟಿಂಗ್ ತೆರೆಯುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇರಲಿ. ಫರ್ಮ್‌ವೇರ್, ಅಂದರೆ ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್, ಹೊಸದು ಬಂದಿದ್ದರೆ ಹಾಕಿಸಿ.

ಹುಡುಗಿಯರಿಗೆ ಗೆಸ್ಟ್ ವೈಫೈ ಅಂತ ಬೇರೆ ಕೊಡಿ. ಇದು ಅವರ ಮೇಲಿನ ಅಪನಂಬಿಕೆ ಅಲ್ಲ, ಅವರಿಗೂ ಕ್ಷೇಮ. ಒಂದು ಪರೀಕ್ಷೆ ಮಾತ್ರ ಮಾಡಿ. ಗೆಸ್ಟ್ ವೈಫೈಗೆ ಸೇರಿ ನಿಮ್ಮ ರೂಟರಿನ ವಿಳಾಸ ಟೈಪ್ ಮಾಡಿ. ಸೆಟ್ಟಿಂಗ್ ಪುಟ ತೆರೆದುಕೊಂಡರೆ ಅದು ಹೆಸರಿಗಷ್ಟೇ ಬೇರೆ. ರಿಪೀಟರ್ ಮೂಲಕ, ಹಳೆ ರೂಟರಿನ ಮೂಲಕ ಕೊಟ್ಟ ಗೆಸ್ಟ್ ವೈಫೈನಲ್ಲಿ ಹೀಗಾಗುವುದು ಜಾಸ್ತಿ.

ಮೇಡಂ, ನಾವು ಕುವೆಂಪುನಗರದ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ವೈಫೈ ಪಟ್ಟಿಯಲ್ಲಿ ಮೂವತ್ತು ಹೆಸರು ಕಾಣುತ್ತವೆ. ರಾತ್ರಿ ಹೊತ್ತು ನೆಟ್ ತುಂಬಾ ನಿಧಾನ. ಆಂಟೆನಾ ಜಾಸ್ತಿ ಇರುವ ರೂಟರ್ ತರಲೇ?

ಬೇಡ. ಟಿವಿ, ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್ ಬ್ಯಾಂಡಿಗೆ ಸೇರಿಸಿ. ಅದು ಗೋಡೆ ದಾಟುವುದು ಕಷ್ಟ, ಹಾಗಾಗಿ ಪಕ್ಕದ ಮನೆಯವರ ಗಲಾಟೆಯೂ ಅಲ್ಲಿ ಕಡಿಮೆ. 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಯಾವುದು ಖಾಲಿಯೋ ಅದನ್ನು ಹಿಡಿಯಿರಿ.

ಅಕ್ಕಾ, ಪಾಂಡವಪುರದ ಹತ್ತಿರ ನಮ್ಮ ಆಲೆಮನೆ ಇದೆ. ಮನೆಯಿಂದ 80 ಮೀಟರ್, ನಡುವೆ ಕಬ್ಬಿನ ಗದ್ದೆ. ಕಬ್ಬು ಕಡಿದಾಗ ಮನೆ ವೈಫೈ ಅಲ್ಲಿ ತನಕ ಸಿಗುತ್ತೆ, ಬೆಳೆದಾಗ ಸಿಗಲ್ಲ. ಕ್ಯಾಮೆರಾ ಹಾಕಬೇಕು. ಗದ್ದೆ ಮಧ್ಯೆ ರಿಪೀಟರ್ ಇಡಲಾ?

ನೀವೇ ಕಾರಣ ಕಂಡುಕೊಂಡಿದ್ದೀರಿ ಅಣ್ಣ. ಹಸಿ ಎಲೆ ಅಂದರೆ ನೀರು, ನೀರು ಸಿಗ್ನಲನ್ನು ಹೀರುತ್ತದೆ. ಆಳು ಮೀರಿ ಬೆಳೆದ ಕಬ್ಬು ಅಂದರೆ 80 ಮೀಟರ್ ದಪ್ಪದ ಹಸಿ ಗೋಡೆ. ಅದರ ನಡುವೆ ರಿಪೀಟರ್ ಇಟ್ಟರೆ ಎರಡೂ ಕಡೆಗೆ ತಲುಪದು. ಅಲ್ಲಿ ಕರೆಂಟ್ ಬೇರೆ ಎಳೆಯಬೇಕು.

ಕಬ್ಬಿನ ತಲೆ ಮೇಲಿಂದ ಹೋಗಿ. ಹೊರಾಂಗಣದ ವೈರ್‌ಲೆಸ್ ಪೆಟ್ಟಿಗೆಗಳು ಜೋಡಿಯಾಗಿ ಸಿಗುತ್ತವೆ, ಒಂದರ ಮುಖ ಒಂದಕ್ಕೆ ತಿರುಗಿಸಿ ನಿಲ್ಲಿಸುವಂಥವು. ಒಂದು ನಿಮ್ಮ ತಾರಸಿ ಮೇಲೆ, ಇನ್ನೊಂದು ಆಲೆಮನೆಯ ಪಕ್ಕ 20 ಅಡಿ ಕಂಬದ ಮೇಲೆ. ಕೊಪ್ಪರಿಗೆಯ ಹಬೆ, ಒಲೆಯ ಹೊಗೆ ತಗಲದ ಕಡೆ ಕಂಬ ನೆಡಿ. ಮಸಿ ಕೂತರೆ ಕೇಬಲ್ ಕೀಲುಗಳು ಬೇಗ ಹಾಳಾಗುತ್ತವೆ. ಇವಕ್ಕೂ ಒಳ್ಳೆ ಪಾಸ್‌ವರ್ಡ್ ಇರಲಿ, ಕ್ಯಾಮೆರಾದಲ್ಲಂತೂ ಕಂಪನಿ ಕೊಟ್ಟ ಪಾಸ್‌ವರ್ಡನ್ನು ಹಾಗೇ ಉಳಿಸಲೇಬೇಡಿ.

ನೆಲದಲ್ಲಿ ಕೇಬಲ್ ಹೂಳಿಸುವ ಯೋಚನೆ ಇದ್ದರೆ ತಾಮ್ರದ್ದು ಬೇಡ, ಫೈಬರ್ ಹಾಕಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲಿ ಸಿಡಿಲು ಬಡಿದರೆ ತಾಮ್ರದ ಮೂಲಕ ಅದು ಎರಡೂ ಕಡೆಯ ಪೆಟ್ಟಿಗೆ ಸುಡುತ್ತದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಉಕ್ಕಿನ ತಂತಿ ಸೇರಿಸದ ಫೈಬರನ್ನೇ ಕೇಳಿ ತನ್ನಿ.

ಕಂಬ ನೆಟ್ಟ ಮೇಲೆ ಅಂಕಿ ಎಷ್ಟು ಬಂತು ಅಂತ ಬರೆಯಿರಿ. ಆ ದಿನ ಕಬ್ಬು ಎಷ್ಟು ಎತ್ತರ ಇತ್ತು ಅನ್ನೋದನ್ನೂ ಬರೆಯಿರಿ.