ಎದೆಹಾಲು ಮಗುವಿಗೆ ಸಾಕಾಗುತ್ತಿದೆಯಾ ಎಂದು ತಿಳಿಯುವುದು ಹೇಗೆ?

ಹೆರಿಗೆಯಾಗಿ ಐದು ದಿನ, ಮಗು ಪದೇ ಪದೇ ಅಳುತ್ತದೆ, ಹಾಲು ಸಾಲುತ್ತಿಲ್ಲವೇನೋ ಎಂದು ಕೇಳಿದ್ದೀರಿ. ಅಳು ನೋಡಿ ಲೆಕ್ಕ ಹಾಕಬೇಡಿ, ಒದ್ದೆಯಾದ ಬಟ್ಟೆ ಎಣಿಸಿ. ಐದನೇ ದಿನದಿಂದ 24 ಗಂಟೆಯಲ್ಲಿ ಕನಿಷ್ಠ 6 ಸಲ ಉಚ್ಚೆ ಹೊಯ್ದರೆ, ಕಪ್ಪು ಮಲ ಹೋಗಿ ಹಳದಿ ಬಂದರೆ, ಹಾಲು ಹೊಟ್ಟೆ ಸೇರುತ್ತಿದೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ. ಎರಡು ವಾರದೊಳಗೆ ಸಾಮಾನ್ಯವಾಗಿ ಹುಟ್ಟಿದಾಗಿನ ತೂಕಕ್ಕೆ ಬರುತ್ತದೆ.

ದಿನಕ್ಕೆ 8ರಿಂದ 12 ಸಲ ಕುಡಿಯುವುದು ಜಾಸ್ತಿಯೇನಲ್ಲ. ಮಗು ಎಷ್ಟು ಕುಡಿಯುತ್ತದೋ ಅಷ್ಟು ಹಾಲು ಮತ್ತೆ ತುಂಬುತ್ತದೆ. ಹಾಗಾಗಿ ಭಯಕ್ಕೆ ಸುಮ್ನೆ ಬಾಟಲಿ ಹಿಡಿಯಬೇಡಿ, ನೀರಂತೂ 6 ತಿಂಗಳವರೆಗೆ ಬೇಡವೇ ಬೇಡ.

ನನಗೆ ಮುಖ್ಯ ಅನಿಸುವುದು ಮಗು ಬಾಯಿ ಹಾಕುವ ರೀತಿ. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಸರಿಯಾಗಿದ್ದರೆ ಗುಟುಕು ನುಂಗುವ ಸದ್ದು ಕೇಳುತ್ತದೆ. ಬರೀ ತೊಟ್ಟು ಚೀಪಿದರೆ ನಿಮಗೆ ನೋವು, ಮಗುವಿಗೆ ಹಸಿವು. ಆಗ ಬಾಯಿಯ ಮೂಲೆಗೆ ಶುಚಿಯಾದ ಬೆರಳು ತೂರಿಸಿ ಬಿಡಿಸಿ, ಮತ್ತೆ ಹಾಕಿ.

ಮಗು ಕುಡಿಯಲು ಏಳದೆ ಮಂಕಾಗಿದ್ದರೆ, ಉಚ್ಚೆ ಕಡಿಮೆಯಾದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಕಣ್ಣು-ಮೈ ಹಳದಿಯಾದರೆ ಕಾಯಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ನಿಮ್ಮ ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೂ ಅಷ್ಟೇ. ಆಗಲೂ ಸಾಮಾನ್ಯವಾಗಿ ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ.